ಗಂಟಿನ ಗಡುವು, ಗುಳಿಗೆಯ ಗಣಿತ

ಮುಟ್ಟು ನಿಲ್ಲುವ ಪ್ರಾಯದಲ್ಲಿ ಮೈಗೇರುವ ಬಿಸಿಯನ್ನೂ ರಾತ್ರಿಯ ಬೆವರನ್ನೂ ನಿದ್ರಾನಾಶವನ್ನೂ ಶಮನಗೊಳಿಸುವುದಕ್ಕೆಂದು ವೈದ್ಯರು ಬರೆದುಕೊಟ್ಟ ಹಾರ್ಮೋನ್ ಗುಳಿಗೆಯನ್ನು ಸೇವಿಸುತ್ತಿರುವ ಹೆಂಗಸೊಬ್ಬಳು, ಸ್ನಾನದ ಹೊತ್ತಿನಲ್ಲಿ ತನ್ನ ಸ್ತನದೊಳಗೆ ಗಂಟೊಂದು ಕೈಗೆ ಎಟುಕಿತೆಂದು ಅರಿತ ಗಳಿಗೆಯಿಂದ ತೊಡಗಿ, ವೈದ್ಯಶಾಸ್ತ್ರವು ಆ ಗಂಟಿಗೊಂದು ಹೆಸರಿಡುವ ಗಳಿಗೆಯವರೆಗಿನ ಕಾಲವನ್ನು ಹೇಗೆ ಕಳೆಯುತ್ತಾಳೆ ಎಂಬುದು ವಿಮರ್ಶೆಗೆ ತಕ್ಕ ವಿಷಯವೆಂದು ನಮ್ಮಲ್ಲಿ ಹೆಚ್ಚಿನವರು ಭಾವಿಸಿದಂತಿಲ್ಲ. ಯಕ್ಷಗಾನದ ಒಂದು ರಾತ್ರಿಯ ಪ್ರದರ್ಶನದಲ್ಲಿ ಭಾಗವತರ ಯಾವ ಪದ್ಯ ತಾಳ ತಪ್ಪಿತು ಎಂಬುದನ್ನು ವಾರವಿಡೀ ಚರ್ಚಿಸಬಲ್ಲ ನಾವು, ಮನೆಯೊಳಗೆ ಸದ್ದಿಲ್ಲದೆ ನಡೆದುಹೋಗುವ ಈ ವ್ಯಾಕುಲದ ನಿರ್ವಹಣೆಯನ್ನು ಒರೆಗೆ ಹಚ್ಚಿ ನೋಡುವುದಿಲ್ಲ. ಆದರೆ ಅದೂ ಒಂದು ಆಚಾರವೇ. ಅದಕ್ಕೆ ವಿಧಿಗಳುಂಟು, ನಿಷೇಧಗಳುಂಟು, ಹಿರಿಯರ ಬಾಯಿಂದ ಬಂದ ವಾಕ್ಯಗಳುಂಟು. ಆಚಾರವಾದುದರಿಂದ ಅದು ಗುಣದೋಷವಿವೇಚನೆಗೆ ಒಳಪಡತಕ್ಕದ್ದೇ ಸರಿ.

ಮಂಗಳೂರಿನಿಂದ ಮೂಡುಬಿದಿರೆಗೆ ಸಾಗುವ ಹೆದ್ದಾರಿಯ ಬದಿಯ ತೋಡಾರಿನಂತಹ ಊರನ್ನು ಕಣ್ಣಮುಂದಿರಿಸಿಕೊಂಡು ನೋಡುವುದು ಈ ವಿವೇಚನೆಗೆ ಅನುಕೂಲ. ಒಂದು ಕಡೆ ಎಂಜಿನಿಯರಿಂಗ್ ಕಾಲೇಜು, ಇನ್ನೊಂದು ಕಡೆ ಅಡಕೆ ತೋಟ, ನಡುವೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು: ಕರಾವಳಿಯ ಒಳನಾಡಿನ ಈ ಚಿತ್ರ ಯಾರಿಗೂ ಅಪರಿಚಿತವಲ್ಲ. ಇಲ್ಲಿಂದ ಬಸ್ಸು ಹಿಡಿದರೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆ, ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು, ಎಲ್ಲವೂ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದ ದೂರದಲ್ಲಿವೆ. ಬಡ ಕುಟುಂಬಗಳ ಚಿಕಿತ್ಸೆಗೆ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ದ ಕಾರ್ಡು ಉಂಟು. ಕಲಬುರಗಿಯ ಅಥವಾ ಚಾಮರಾಜನಗರದ ಕಾಡಂಚಿನ ಹೆಂಗಸು ದೂರವನ್ನು ದೂರಿದರೆ ಒಪ್ಪಬೇಕು. ದಕ್ಷಿಣ ಕನ್ನಡದಲ್ಲಿ ಆಗುವ ವಿಳಂಬಕ್ಕೆ ಕಾರಣವನ್ನು ಬೇರೆಡೆಯಲ್ಲಿ ಅರಸಬೇಕು.

ನನ್ನ ಅಭಿಪ್ರಾಯದಲ್ಲಿ ಆ ಕಾರಣವು, ಒಂದೇ ದೇಹದಲ್ಲಿ ಒಟ್ಟಿಗೆ ಕಾಣಿಸಿಕೊಂಡ ಎರಡು ಪ್ರಶ್ನೆಗಳನ್ನು ಒಂದೇ ಎಂದು ಗ್ರಹಿಸಿದುದರಲ್ಲಿದೆ. ಗಂಟು ಏನೆಂಬುದು ಒಂದು ಪ್ರಶ್ನೆ; ಅದಕ್ಕೆ ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಉತ್ತರ ದೊರೆಯತಕ್ಕದ್ದು, ದೊರೆಯಲೂಬಲ್ಲುದು. ಗುಳಿಗೆಯನ್ನು ಮುಂದುವರಿಸಬೇಕೋ ಬಿಡಬೇಕೋ ಎಂಬುದು ಇನ್ನೊಂದು. ಅದು ವರ್ಷಗಳ ಲೆಕ್ಕಾಚಾರ, ಲಾಭನಷ್ಟಗಳ ಸಾವಧಾನವಾದ ತೂಗುವಿಕೆ. ನಮ್ಮ ರೂಢಿಯು ಇವೆರಡರ ಕಾಲಗತಿಯನ್ನು ಅದಲುಬದಲು ಮಾಡಿದೆ. ಗುಳಿಗೆಯ ವಿಷಯದಲ್ಲಿ ಅದಕ್ಕೆ ಎಲ್ಲಿಲ್ಲದ ಆತುರ, ಗಂಟಿನ ವಿಷಯದಲ್ಲಿ ಎಲ್ಲಿಲ್ಲದ ತಾಳ್ಮೆ.

‘ಆ ಗುಳಿಗೆಯಿಂದಲೇ ಬಂದದ್ದು; ಗುಳಿಗೆ ಬಿಟ್ಟು ಒಂದು ತಿಂಗಳು ನೋಡು’ ಎಂಬ ನೆರೆಮನೆಯ ಸಲಹೆಯಲ್ಲಿ ಈ ವಿಪರ್ಯಾಸ ಪೂರ್ಣವಾಗಿ ಅಡಕವಾಗಿದೆ. ಈ ಮಾತು ಶುದ್ಧ ಅಜ್ಞಾನದ್ದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೊಜೆನ್‌ಗಳನ್ನು ಕೂಡಿಸಿದ ಚಿಕಿತ್ಸೆಯಿಂದ ಸ್ತನದ ಅಂಗಾಂಶ ದಟ್ಟವಾಗುವುದುಂಟು, ಮುಟ್ಟಿದರೆ ನೋಯುವುದುಂಟು. ಮುಟ್ಟು ನಿಂತ ಮೇಲೆ ಸಹಜವಾಗಿ ಇಂಗಿಹೋಗಬೇಕಾಗಿದ್ದ ನೀರುಗುಳ್ಳೆಗಳೂ ನಿರಪಾಯದ ನಾರುಗಂಟುಗಳೂ ಹೊರಗಿನಿಂದ ಬರುವ ಹಾರ್ಮೋನಿನ ಬಲದಿಂದ ಉಳಿದುಕೊಳ್ಳುವುದುಂಟು. ಕೈಗೆ ಸಿಕ್ಕುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲವೆಂಬುದೂ ದಿಟ. ಸಂದೇಹ ಬಗೆಹರಿಯುವ ತನಕ ಗುಳಿಗೆಯನ್ನು ನಿಲ್ಲಿಸಿರಿ ಎಂದು ವೈದ್ಯರೇ ಹೇಳಬಹುದು. ದೋಷವಿರುವುದು ಬಿಡುವುದರಲ್ಲಲ್ಲ, ಬಿಟ್ಟು ‘ನೋಡುವುದರಲ್ಲಿ’. ಅಂದರೆ ಗುಳಿಗೆಯ ತ್ಯಾಗವನ್ನೇ ಪರೀಕ್ಷೆಯೆಂದು ಬಗೆಯುವುದರಲ್ಲಿ. ಆ ಒಂದು ತಿಂಗಳು ಮಗಳ ಹೆರಿಗೆಯಿಂದ ಎರಡಾಗುತ್ತದೆ, ಭೂತಕೋಲದಿಂದ ಮೂರಾಗುತ್ತದೆ, ಮಳೆಗಾಲದಿಂದ ಆರಾಗುತ್ತದೆ. ಮುಟ್ಟು ನಿಂತ ಬಳಿಕ ಹೊಸದಾಗಿ ಕಾಣಿಸಿಕೊಂಡ ಗಂಟನ್ನು, ಹಾರ್ಮೋನು ಸೇವಿಸುತ್ತಿದ್ದಾಳೆಂಬ ಕಾರಣದಿಂದ ಹಾರ್ಮೋನಿನ ಲೆಕ್ಕಕ್ಕೆ ಬರೆದು ಸುಮ್ಮನಾಗುವುದು ವೈದ್ಯಶಾಸ್ತ್ರ ಒಪ್ಪುವ ಮಾತಲ್ಲ.

ರೂಢಿಯ ಇತರ ವಾಕ್ಯಗಳನ್ನು ಬೇಗನೆ ದಾಟಿಹೋಗಬಹುದು. ‘ನೋವಿಲ್ಲವಲ್ಲ, ಮತ್ತೇಕೆ ಹೆದರಿಕೆ’ ಎಂಬುದು ತಲೆಕೆಳಗಾದ ತರ್ಕ. ಕೆಟ್ಟ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ‘ಸೂಜಿ ಹಾಕಿದರೆ ಹರಡುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ. ಸೂಜಿಯಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡದೆ ಶಸ್ತ್ರಚಿಕಿತ್ಸೆಗೆ ಕೈಹಾಕುವುದನ್ನೇ ಇಂದಿನ ವೈದ್ಯರು ಅವಿವೇಕವೆನ್ನುತ್ತಾರೆ. ಮೌನದ ವಿಧಿ ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಗಂಡನಿಗೆ ಹೇಳದೆ, ಮಕ್ಕಳಿಗೆ ಹೇಳದೆ, ಬೀಡಿ ಬ್ರಾಂಚಿಗೆ ಕಟ್ಟು ಕೊಡಲು ಹೋದಲ್ಲಿ ಸಾಲಿನಲ್ಲಿ ನಿಂತ ಒಬ್ಬಳೇ ಒಬ್ಬ ಗೆಳತಿಯ ಕಿವಿಯಲ್ಲಿ ಹೇಳುವ ಹೆಂಗಸು ಮೌನವನ್ನು ಮುರಿದೂ ಮುರಿಯದಂತೆ ಇರುತ್ತಾಳೆ; ಆ ಗೆಳತಿ ‘ದಾಲ ಇಜ್ಜಿ’ (ಏನೂ ಇಲ್ಲ) ಎಂದು ತುಳುವಿನಲ್ಲಿ ಸಮಾಧಾನಪಡಿಸಿ ಕಳಿಸಿದಳೋ, ‘ನಾಳೆ ನಾನೂ ಬರುತ್ತೇನೆ, ನಡೆ’ ಎಂದಳೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಈ ರೂಢಿಯಲ್ಲಿ ಪ್ರಶಂಸೆಗೆ ಯೋಗ್ಯವಾದ ಅಂಶವೊಂದಿದ್ದರೆ ಅದು ಎರಡನೆಯ ಬಗೆಯ ಗೆಳತಿ.

ಇನ್ನು ಒತ್ತಿ ಒತ್ತಿ ನೋಡಿಕೊಳ್ಳುವ ಅಭ್ಯಾಸ. ಬೀಡಿಯ ಎಲೆಯಲ್ಲಿ ದಪ್ಪ ನರ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಬೆರಳುಗಳು ತನ್ನದೇ ಮೈಯಲ್ಲಿ ಹುದುಗಿದ ಗಂಟನ್ನು ಗುರುತಿಸಿದರೆ ಸೋಜಿಗವಿಲ್ಲ. ಆದರೆ ಗುರುತಿಸುವುದು ಬೇರೆ, ನಿರ್ಣಯಿಸುವುದು ಬೇರೆ. ಬೆಳಿಗ್ಗೆ ಒತ್ತಿದಾಗ ಚಿಕ್ಕದಾದಂತೆ, ರಾತ್ರಿ ಒತ್ತಿದಾಗ ದೊಡ್ಡದಾದಂತೆ ತೋರುವ ಆ ವಸ್ತು, ಒತ್ತಿದ ಜಾಗವೇ ನೋಯತೊಡಗಿದಾಗ ಹೊಸದೊಂದು ಭೀತಿಗೆ ಕಾರಣವಾಗುತ್ತದೆ. ಪತ್ರಿಕೆಗಳ ಆರೋಗ್ಯಪುಟಗಳು ಬಹುಕಾಲ ಬೋಧಿಸಿದ ಸ್ವಯಂಪರೀಕ್ಷೆಯ ವಿಧಾನವನ್ನು ಚೀನಾದ ಶಾಂಘೈಯಲ್ಲಿ 519 ಕಾರ್ಖಾನೆಗಳ 2,66,064 ಕಾರ್ಮಿಕ ಸ್ತ್ರೀಯರಲ್ಲಿ ಪರೀಕ್ಷಿಸಿ ನೋಡಿದ್ದುಂಟು. 2002ರಲ್ಲಿ ಪ್ರಕಟವಾದ ಅದರ ಅಂತಿಮ ಫಲದಲ್ಲಿ, ಕ್ರಮವಾಗಿ ಕಲಿತವರ ಗುಂಪಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು 135, ಕಲಿಯದವರ ಗುಂಪಿನಲ್ಲಿ 131. ಕಲಿತವರಲ್ಲಿ ಹೆಚ್ಚಾದುದು ನಿರಪಾಯದ ಗಂಟುಗಳ ಪತ್ತೆ ಮಾತ್ರ. ಹೆಣ್ಣು ತನ್ನ ಮೈಯನ್ನು ತಿಳಿಯಬಾರದು ಎಂದು ಇದರ ಅರ್ಥವಲ್ಲ. ಅಕಸ್ಮಾತ್ತಾಗಿ ಸಿಕ್ಕ ಬದಲಾವಣೆಯನ್ನು ಅಲಕ್ಷಿಸಬಾರದು ಎಂಬ ಮಾತು ಹಾಗೆಯೇ ನಿಲ್ಲುತ್ತದೆ. ದಿನವೂ ಹತ್ತು ಸಾರಿ ತಡವಿಕೊಳ್ಳುವುದು ಮಾತ್ರ ಪರೀಕ್ಷೆಯ ವೇಷ ತೊಟ್ಟ ವ್ಯಾಕುಲವೇ ಹೊರತು ಪರೀಕ್ಷೆಯಲ್ಲ.

ಪರಹಸ್ತದ ಪರೀಕ್ಷೆಯ ಕಥೆ ಇದಕ್ಕಿಂತ ಆಶಾದಾಯಕ. 1998ರಿಂದ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಅಲ್ಲಿನ ಬಡವರ ಕೇರಿಗಳಲ್ಲಿ 35ರಿಂದ 64 ವರ್ಷ ಪ್ರಾಯದ 1,51,538 ಸ್ತ್ರೀಯರನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದ ಪರೀಕ್ಷಿಸುವಂತೆ ಏರ್ಪಡಿಸಿದರು. 2021ರಲ್ಲಿ ಹೊರಬಿದ್ದ ಇಪ್ಪತ್ತು ವರ್ಷಗಳ ಫಲದಲ್ಲಿ, ಎಲ್ಲ ಪ್ರಾಯದವರನ್ನೂ ಕೂಡಿಸಿ ನೋಡಿದರೆ ಮರಣದ ಇಳಿಕೆ ನಿಶ್ಚಯವೆನ್ನುವಷ್ಟು ಇರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಅದು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ನಾವು ಮಾತಾಡುತ್ತಿರುವ ಪ್ರಾಯ ಸರಿಸುಮಾರು ಇದೇ. ಯಂತ್ರವಿಲ್ಲದೆ, ತಜ್ಞ ವೈದ್ಯನಿಲ್ಲದೆ, ಶಿಕ್ಷಣ ಪಡೆದ ಒಬ್ಬ ಹೆಂಗಸಿನ ಕೈಯಿಂದ ಇಷ್ಟು ಸಾಧ್ಯವೆಂದ ಮೇಲೆ, ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಬಂದು ಮೂವತ್ತು ದಾಟಿದವರಿಂದ ತುಂಬಿಸಿಕೊಳ್ಳುವ ನಮೂನೆಯಲ್ಲಿ ‘ಸ್ತನದಲ್ಲಿ ಗಂಟು ಉಂಟೆ’ ಎಂಬ ಪ್ರಶ್ನೆ ಇರುವುದು ಸಾರ್ಥಕವೆನಿಸುತ್ತದೆ. ಆದರೆ ಆ ಪ್ರಶ್ನೆಯನ್ನು ಅತ್ತೆ, ಮೈದುನ, ನೆರೆಯವರೆಲ್ಲ ಕುಳಿತ ಜಗಲಿಯಲ್ಲಿ ಕೇಳಿದರೆ ಬರುವ ಉತ್ತರ ‘ಇಲ್ಲ’ ಎಂಬುದೊಂದೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಎಂದಾದರೂ ಸ್ತನಪರೀಕ್ಷೆ ಮಾಡಿಸಿಕೊಂಡಿದ್ದೇವೆಂದು ಹೇಳಿದ 30ರಿಂದ 49ರ ಪ್ರಾಯದ ಭಾರತೀಯ ಸ್ತ್ರೀಯರು ನೂರಕ್ಕೆ ಒಬ್ಬರೂ ಇರಲಿಲ್ಲವೆಂಬುದಕ್ಕೆ ಈ ಜಗಲಿಯೂ ಸ್ವಲ್ಪ ಉತ್ತರ ಹೇಳಬೇಕು.

ಇನ್ನು ಗುಳಿಗೆಯ ಗಣಿತ. 2002ರ ಜುಲೈ ತಿಂಗಳಿನಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಮಹಾಪ್ರಯೋಗದ ಒಂದು ಶಾಖೆ, 16,608 ಸ್ತ್ರೀಯರಲ್ಲಿ ನಡೆಯುತ್ತಿದ್ದುದು, ಅವಧಿಗೆ ಮುನ್ನವೇ ನಿಂತಿತು. ಕೂಡು ಹಾರ್ಮೋನು ಸೇವಿಸಿದವರಲ್ಲಿ ಸ್ತನ ಕ್ಯಾನ್ಸರ್ ನೂರಕ್ಕೆ ಇಪ್ಪತ್ತಾರರಷ್ಟು ಅಧಿಕವೆಂಬ ವಾರ್ತೆ ಜಗತ್ತನ್ನೆಲ್ಲ ಹಬ್ಬಿತು. ಈ ‘ಇಪ್ಪತ್ತಾರು’ ಎಂಬ ಸಂಖ್ಯೆ ಇಂದಿಗೂ ಹೆಂಗಸರನ್ನು ಬೆದರಿಸುತ್ತಿದೆ. ಅದರ ಹಿಂದಿನ ನಿಜವಾದ ಎಣಿಕೆ ಏನೆಂದರೆ, ವರ್ಷವೊಂದಕ್ಕೆ ಹತ್ತು ಸಾವಿರ ಸ್ತ್ರೀಯರಲ್ಲಿ ಮೂವತ್ತು ಮಂದಿಗೆ ಬರಬಹುದಾಗಿದ್ದುದು ಮೂವತ್ತೆಂಟು ಮಂದಿಗೆ ಬಂತು. ಗರ್ಭಕೋಶವನ್ನು ತೆಗೆಸಿಕೊಂಡು ಈಸ್ಟ್ರೊಜೆನ್ ಒಂದನ್ನೇ ಸೇವಿಸಿದವರ ಶಾಖೆಯಲ್ಲಾದರೋ ಸ್ತನ ಕ್ಯಾನ್ಸರ್ ಹೆಚ್ಚಲೇ ಇಲ್ಲ, ತುಸು ತಗ್ಗಿತು. ಗರ್ಭಕೋಶ ತೆಗೆಸಿಕೊಂಡವರು ನಮ್ಮಲ್ಲಿ ವಿರಳವಲ್ಲ. ಅವರಿಗೆ ಈ ಭೇದ ತಿಳಿದಿರುವುದು ಮಾತ್ರ ವಿರಳ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ, ಹಲವು ದೇಶಗಳ ಅಧ್ಯಯನಗಳನ್ನು ಒಗ್ಗೂಡಿಸಿದ ಪರಿಶೀಲನೆ ಇನ್ನೂ ಕಟುವಾದ ಮಾತನ್ನಾಡಿತು: ಐವತ್ತರ ಪ್ರಾಯದಿಂದ ಐದು ವರ್ಷ ದಿನವೂ ಕೂಡು ಹಾರ್ಮೋನು ಸೇವಿಸಿದ ಐವತ್ತು ಮಂದಿಗೆ, ಎಪ್ಪತ್ತರ ಪ್ರಾಯದೊಳಗೆ, ಒಂದು ಅಧಿಕ ಕ್ಯಾನ್ಸರ್, ಈಸ್ಟ್ರೊಜೆನ್ ಒಂದನ್ನೇ ಸೇವಿಸಿದರೆ ಇನ್ನೂರಕ್ಕೆ ಒಂದು. ಪಂಡಿತರಲ್ಲಿಯೂ ಏಕಾಭಿಪ್ರಾಯವಿಲ್ಲವೆಂಬುದು ಇದರಿಂದ ಸ್ಪಷ್ಟ. ಇವೆಲ್ಲ ಪಾಶ್ಚಾತ್ಯ ಸ್ತ್ರೀಯರ ಲೆಕ್ಕಗಳು. ಆ ರೋಗದ ಮೂಲಪ್ರಮಾಣವೇ ಕಡಮೆಯಿರುವ ನಮ್ಮ ನಾಡಿಗೆ ಅವನ್ನು ಹಾಗೆಯೇ ತಂದು ಅಂಟಿಸಲಾಗದು.

ಈ ಗಣಿತದಿಂದ ತೀರ್ಮಾನಿಸಬಹುದಾದುದು ಇನ್ನು ಮುಂದಿನ ವರ್ಷಗಳಲ್ಲಿ ಗುಳಿಗೆ ಬೇಕೋ ಬೇಡವೋ ಎಂಬುದನ್ನು. ಈಗ ಕೈಗೆ ಸಿಕ್ಕಿರುವ ಗಂಟು ಏನೆಂಬುದನ್ನು ಅದು ಹೇಳಲಾರದು. ‘ನಾನೇ ತಿಂದು ನಾನೇ ಬರಿಸಿಕೊಂಡೆ’ ಎಂದು ಕೊರಗುವ ಹೆಂಗಸು, ಸಾವಿರಾರು ಮಂದಿಯ ನಡುವಿನ ಸಣ್ಣದೊಂದು ಆಧಿಕ್ಯವನ್ನು ತನ್ನೊಬ್ಬಳ ಮೈಮೇಲಿನ ನಿಶ್ಚಿತ ಶಿಕ್ಷೆಯಾಗಿ ಓದಿಕೊಂಡಿರುತ್ತಾಳೆ. ಮೂರು ವರ್ಷ ನಿದ್ದೆಗೆಟ್ಟು, ಮದುವೆಯ ಚಪ್ಪರದಲ್ಲಿ ಎಲ್ಲರೆದುರು ಬೆವರಿ ತೊಯ್ದು, ಕೊನೆಗೆ ಔಷಧಿಯನ್ನು ಕೇಳಿ ಪಡೆದುದು ಅಪರಾಧವೆಂದು ಯಾವ ಅಧ್ಯಯನವೂ ಹೇಳಿಲ್ಲ.

ನಮ್ಮ ಸಾಹಿತ್ಯ ಇಲ್ಲಿ ಎಷ್ಟು ನೆರವಾಗಿದೆ ಎಂಬುದನ್ನೂ ಕೇಳಬೇಕು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ದಾಂಪತ್ಯ ದೀಪಿಕೆ’, ‘ತಾಯಿ–ಮಗು’ ಮೊದಲಾದ ಕೃತಿಗಳಿಂದ ಕನ್ನಡದ ಹೆಂಗಸಿಗೆ ತನ್ನ ದೇಹದ ಕುರಿತು ನಾಚದೆ ಓದುವ ಭಾಷೆಯನ್ನು ಒದಗಿಸಿದರು. ಅವರೇ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡುದರಿಂದ 2002ರ ಅನಂತರದ ಈ ಗೊಂದಲವನ್ನು ಬಿಡಿಸಿ ಹೇಳುವ ಅವಕಾಶ ಆ ಲೇಖನಿಗೆ ಸಿಗಲಿಲ್ಲ. ಬಿ.ವಿ. ಭಾರತಿಯವರ ‘ಸಾಸಿವೆ ತಂದವಳು’ ಸ್ತನ ಕ್ಯಾನ್ಸರಿನ ಅನುಭವವನ್ನು ಕನ್ನಡದಲ್ಲಿ ನಿರೂಪಿಸಿದ ಗಮನಾರ್ಹ ಕೃತಿ. ಆದರೆ ರೋಗ ನಿಶ್ಚಯವಾದವಳಿಗೆ ಒಂದು ಕಥೆ ಇರುತ್ತದೆ, ಸಹಾನುಭೂತಿಯ ಬಳಗವೂ ಇರುತ್ತದೆ. ನಿಶ್ಚಯವಾಗದೆ ಕಾಯುತ್ತಿರುವವಳಿಗೆ ಎರಡೂ ಇಲ್ಲ. ಏನೂ ಅಲ್ಲವೆಂದು ತಿಳಿದುಬಂದರಂತೂ ಅವಳ ವಾರಗಳ ಯಾತನೆ ಹೇಳಿಕೊಳ್ಳಲಾರದಷ್ಟು ಕ್ಷುದ್ರವೆಂದು ಅವಳಿಗೇ ತೋರುತ್ತದೆ.

ಆಸ್ಪತ್ರೆಯ ಪಾಲನ್ನು ಮರೆಯುವಂತಿಲ್ಲ. ಕೈಯಿಂದ ಪರೀಕ್ಷೆ, ಮ್ಯಾಮೊಗ್ರಾಮ್ ಮತ್ತು ಸ್ಕ್ಯಾನಿಂಗ್, ಅಗತ್ಯವಾದರೆ ಸೂಜಿಯ ಬಯಾಪ್ಸಿ, ಈ ಮೂರೂ ಒಂದೇ ಮಾತನ್ನು ಹೇಳಿದರೆ ನಂಬಬಹುದೆಂಬುದು ಶಾಸ್ತ್ರದ ನಿಯಮ. ಅದು ಉತ್ತಮವಾದ ನಿಯಮ. ಅದನ್ನು ರೋಗಿಗೆ ಒಪ್ಪಿಸುವ ರೀತಿ ಮಾತ್ರ ಅಧಮವಾಗಿರುವುದುಂಟು. ವರದಿಯ ಕೊನೆಯಲ್ಲಿ ‘ಬೈರಾಡ್ಸ್ 3’ ಎಂದು ಅಚ್ಚಾದುದನ್ನು ಮೂರನೆಯ ಹಂತದ ಕ್ಯಾನ್ಸರೆಂದು ಓದಿಕೊಂಡು ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಳುವವರುಂಟು. ಆ ಅಂಕೆಯ ಅರ್ಥ, ಗಂಟು ಬಹುತೇಕ ನಿರಪಾಯ, ಕೆಟ್ಟದ್ದಾಗಿರುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಮೆ, ಆರು ತಿಂಗಳಲ್ಲಿ ಇನ್ನೊಮ್ಮೆ ನೋಡಬೇಕು, ಎಂದಷ್ಟೆ. ಇದನ್ನು ಹೇಳಲು ಎರಡು ನಿಮಿಷ ಸಾಲದೆ? ಹಾರ್ಮೋನಿನಿಂದ ದಟ್ಟವಾದ ಸ್ತನದಲ್ಲಿ ಮ್ಯಾಮೊಗ್ರಾಮಿನ ಬಿಳುಪು ಗಂಟಿನ ಬಿಳುಪನ್ನು ಮರೆಮಾಡುವುದುಂಟಾದುದರಿಂದ, ಗುಳಿಗೆಯ ವಿಷಯವನ್ನು ಚಿತ್ರ ತೆಗೆಯುವವರಿಗೆ ಮೊದಲೇ ತಿಳಿಸಬೇಕೆಂಬುದನ್ನಾದರೂ ಯಾರಾದರೊಬ್ಬರು ಅವಳಿಗೆ ಹೇಳಬೇಡವೆ?

ಗಂಟು ನಿರಪಾಯವೆಂದು ತೀರ್ಮಾನವಾದ ದಿನ ಎರಡನೆಯ ಪ್ರಶ್ನೆ ಸರದಿಗೆ ಬರಬೇಕು, ಸಾಮಾನ್ಯವಾಗಿ ಬರುವುದಿಲ್ಲ. ಬಿಸಿಯೇರಿಕೆ ಈಗಲೂ ಉಂಟೆ, ಗರ್ಭಕೋಶ ಇದೆಯೆ, ಮನೆತನದಲ್ಲಿ ಯಾರಿಗಾದರೂ ಆ ರೋಗ ಬಂದಿತ್ತೆ, ಎಷ್ಟು ವರ್ಷದಿಂದ ಸೇವನೆ, ಪ್ರಮಾಣವನ್ನು ತಗ್ಗಿಸಬಹುದೆ, ಯೋನಿಯ ಶುಷ್ಕತೆಯೊಂದೇ ತೊಂದರೆಯಾದರೆ ರಕ್ತಕ್ಕೆ ಅತ್ಯಲ್ಪವಾಗಿ ಸೇರುವ ಲೇಪ ಸಾಕಲ್ಲವೆ, ಇವು ಕೇಳತಕ್ಕ ಪ್ರಶ್ನೆಗಳು. ಇದರ ಬದಲು ಗುಳಿಗೆ ಬಿಟ್ಟವಳು ಭಯದಿಂದ ಬಿಟ್ಟೇ ಇರುತ್ತಾಳೆ. ಬಿಡದವಳು ಹಳೆಯ ಚೀಟಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ ಪೇಟೆಯ ಔಷಧಿ ಅಂಗಡಿಯಿಂದ ತಿಂಗಳಿಗೊಂದು ಪಟ್ಟಿ ತರಿಸಿಕೊಳ್ಳುತ್ತಲೇ ಇರುತ್ತಾಳೆ, ಮತ್ತು ಆ ಚೀಟಿಯಲ್ಲಿ ಗುಳಿಗೆಯನ್ನು ಆರಂಭಿಸಿದ ತಾರೀಕು ಇರುತ್ತದೆ, ಮರುವಿಚಾರ ಮಾಡಬೇಕಾದ ತಾರೀಕು ಇರುವುದಿಲ್ಲ.