ಸಕ್ಕರೆಯ ಸಾಗಣೆಯ ಆರು ಸ್ಥಿತಿಗಳು: ಒಂದು ವಿಮರ್ಶೆ

ಕರುಳಿನ ಜೀವಕೋಶವು ಗ್ಲೂಕೋಸನ್ನು ಒಳಗೆಳೆದುಕೊಳ್ಳುವಾಗ ಸೋಡಿಯಂ ಅಯಾನನ್ನೂ ಜೊತೆಯಲ್ಲಿಯೇ ಬರಮಾಡಿಕೊಳ್ಳುವುದೆಂಬ ಊಹೆಯನ್ನು ರಾಬರ್ಟ್ ಕ್ರೇನ್ ಮಹಾಶಯರು 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. ಉಪ್ಪುಸಕ್ಕರೆಗಳ ನೀರನ್ನು ಕುಡಿಸಿ ವಾಂತಿಭೇದಿಯ ರೋಗಿಗಳನ್ನು ಉಳಿಸುವ ಚಿಕಿತ್ಸೆಗೆ ಈ ಜೋಡಣೆಯೇ ಆಧಾರವಾಗಿದೆ. ಈ ಊಹೆಗೆ ಗಣಿತರೂಪವನ್ನು ಕೊಟ್ಟವುಗಳಲ್ಲಿ ಪೇರಾಂ, ಸುಪ್ಲಿಸ್ಸೋನ್, ಲೂ, ರೈಟ್ ಇವರು 1992ರಲ್ಲಿ ಪ್ರಕಟಿಸಿದ ಲೇಖನದ್ವಯವು ಮುಖ್ಯವಾದುದು. ಅದರ ಗುಣದೋಷಗಳನ್ನು ಪರಿಶೀಲಿಸುವುದೇ ಇಲ್ಲಿಯ ಉದ್ದೇಶ.

ಮೊಲದ ಕರುಳಿನ ವಾಹಕ ಪ್ರೋಟೀನು ಕಪ್ಪೆಯ ಅಂಡಕೋಶದಲ್ಲಿ ಹುಟ್ಟುವಂತೆ ಮಾಡಿ, ಪೊರೆಯ ವಿದ್ಯುದ್ವಿಭವವನ್ನು ಬೇಕಾದ ಮಟ್ಟದಲ್ಲಿ ನಿಲ್ಲಿಸಿ, ಆಗ ಹರಿಯುವ ವಿದ್ಯುತ್ಪ್ರವಾಹವನ್ನು ಇವರು ಅಳೆದರು. ಇವರ ಮಾದರಿಯಲ್ಲಿ ವಾಹಕವು ಬರಿದಾಗಿರಬಹುದು. ಎರಡು ಸೋಡಿಯಂಗಳನ್ನು ಹಿಡಿದಿರಬಹುದು. ಅವುಗಳೊಡನೆ ಸಕ್ಕರೆಯನ್ನೂ ಹಿಡಿದಿರಬಹುದು. ಈ ಮೂರೂ ಹೊರಮುಖವಾಗಿಯೂ ಒಳಮುಖವಾಗಿಯೂ ಇರುವುದರಿಂದ ಒಟ್ಟು ಆರು ಸ್ಥಿತಿಗಳು. ಹೊರಗಡೆ ಸೋಡಿಯಂ ಮೊದಲು, ಸಕ್ಕರೆ ಅನಂತರ ಕೂಡುವುದು. ಬರಿದಾದ ವಾಹಕಕ್ಕೆ ಎರಡು ಋಣವಿದ್ಯುದಂಶಗಳುಂಟೆಂದು ಭಾವಿಸಿದುದರಿಂದ, ಸಕ್ಕರೆಯಿಲ್ಲದಾಗ ಕ್ಷಣಮಾತ್ರ ತೋರುವ ಪ್ರವಾಹಕ್ಕೂ ಸಕ್ಕರೆಯಿದ್ದಾಗ ನಿಲ್ಲದೆ ಹರಿಯುವ ಪ್ರವಾಹಕ್ಕೂ ಒಂದೇ ವಿವರಣೆ ಸಾಕಾಗುತ್ತದೆ. ಇದೇ ಈ ಕೃತಿಯ ಹಿರಿಯ ಗುಣ.

ಎರಡೆಂಬ ಸಂಖ್ಯೆಯೂ ಅಲ್ಪವಾದುದಲ್ಲ. ಸೋಡಿಯಂ ಒಳಗಿಗಿಂತ ಹೊರಗೆ ಹತ್ತು ಪಾಲು ಹೆಚ್ಚಾಗಿದ್ದು, ಕೋಶದ ಒಳಗಡೆ 60 ಮಿಲಿವೋಲ್ಟಿನಷ್ಟು ಋಣವಿಭವವಿರುವುದಾದರೆ, ಒಂದೇ ಸೋಡಿಯಂ ಸಕ್ಕರೆಯನ್ನು ಸುಮಾರು ನೂರು ಪಾಲು ಮಾತ್ರ ಕೂಡಿಡಬಲ್ಲುದು. ಎರಡಾದರೆ ಆ ಮಿತಿಯು ಹತ್ತು ಸಾವಿರ ಪಾಲಿನ ಹತ್ತಿರಕ್ಕೆ ಏರುವುದು.

ದೋಷಗಳನ್ನೂ ಹೇಳಬೇಕು. ಸಕ್ಕರೆಯಿಲ್ಲದೆ ಸೋಡಿಯಂ ಮಾತ್ರವೇ ಸೋರುವ ಹಾದಿಯನ್ನೂ ಸೇರಿಸಿದರೆ ಈ ಚಕ್ರಕ್ಕೆ 14 ವೇಗಸ್ಥಿರಾಂಕಗಳು ಬೇಕು. ಉಷ್ಣಗತಿಶಾಸ್ತ್ರದ ನಿಯಮವು ಇವುಗಳಲ್ಲಿ ಕೆಲವನ್ನು ಪರಸ್ಪರ ಬಿಗಿಯುವುದಾದರೂ, ಇಷ್ಟೊಂದು ಸ್ಥಿರಾಂಕಗಳಿರುವಲ್ಲಿ ಲೆಕ್ಕವು ಅಳತೆಗೆ ಹೊಂದಿದ ಮಾತ್ರಕ್ಕೆ ಮಾದರಿಯು ಸಿದ್ಧಾಂತವಾಯಿತೆಂದು ತಿಳಿಯಲಾಗದು. ಎರಡು ಸೋಡಿಯಂಗಳೂ ಒಂದೇ ಹೆಜ್ಜೆಯಲ್ಲಿ ಕೂಡುವುವೆಂಬುದು ಲೆಕ್ಕದ ಸೌಕರ್ಯಕ್ಕಾಗಿ ಮಾಡಿಕೊಂಡ ಕಲ್ಪನೆ. ಮುಂದೆ ಹೆಚ್ಚು ವೇಗದ ಅಳತೆಗಳು ಸಾಧ್ಯವಾದಾಗ ಆ ಕ್ಷಣಿಕ ಪ್ರವಾಹದಲ್ಲಿ ಒಂದಕ್ಕಿಂತ ಹೆಚ್ಚು ಅಂಶಗಳು ಕಂಡುಬಂದು, ನಡುವಣ ಸ್ಥಿತಿಗಳನ್ನು ಸೇರಿಸಬೇಕಾಯಿತು.

ವಾಹಕವೆಂಬ ಮಾತೂ ವಿಚಾರಾರ್ಹವಾದುದು. ಅದನ್ನು ಕೇಳಿದೊಡನೆ ದಡದಿಂದ ದಡಕ್ಕೆ ಹೋಗಿಬರುವ ದೋಣಿಯು ಮನಸ್ಸಿಗೆ ಬರುತ್ತದೆ. ವಾಸ್ತವದಲ್ಲಿ ಪ್ರೋಟೀನು ದಾಟುವುದಿಲ್ಲ. ಪೊರೆಯಲ್ಲಿ ನೆಲೆನಿಂತು ಒಮ್ಮೆ ಹೊರಕ್ಕೂ ಒಮ್ಮೆ ಒಳಕ್ಕೂ ತೆರೆದುಕೊಳ್ಳುವುದು. ಜಾರ್ಡೆಟ್ಸ್ಕಿಯವರು 1966ರಲ್ಲಿ ಸೂಚಿಸಿದ ಈ ಕಲ್ಪನೆಗೆ, 2008ರಲ್ಲಿ ತಿಳಿದುಬಂದ ವಿಬ್ರಿಯೊ ಬ್ಯಾಕ್ಟೀರಿಯದ ಸಜಾತೀಯ ಪ್ರೋಟೀನಿನ ರಚನೆಯು ಬಲವಾದ ಬೆಂಬಲವಿತ್ತಿತು. ಆದರೆ ಅದು ಒಂದು ಸಕ್ಕರೆಗೆ ಒಂದೇ ಸೋಡಿಯಂ ಸಾಗಿಸುವುದರಿಂದ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು.

ಹೀಗೆ 1992ರ ಮಾದರಿಯು ಅಪೂರ್ಣವಾದರೂ ವ್ಯರ್ಥವಲ್ಲ. ತನ್ನ ಕಲ್ಪನೆಗಳನ್ನು ಅಂಕೆಗಳಲ್ಲಿ ಹೇಳಿದುದರಿಂದಲೇ ಅದು ಎಲ್ಲಿ ತಪ್ಪಿತೆಂಬುದನ್ನು ಅನಂತರದವರು ಕಾಣಲಾಯಿತು. ಅದನ್ನು ಬೋಧಿಸುವವರು ಈ ಉಪಕಾರವನ್ನೂ ಆ ಮಿತಿಯನ್ನೂ ಒಟ್ಟಿಗೆ ತಿಳಿಸತಕ್ಕದ್ದು.