ಪುಸ್ತಕಭಂಡಾರಗಳಲ್ಲಿ ದ್ವಿಭಾಷಾ ಶಿಶುಗೀತಗಳೂ ಸಾಕ್ಷ್ಯಚಿತ್ರಗಳೂ

ಅಮೆರಿಕದ ಸಾರ್ವಜನಿಕ ಪುಸ್ತಕಭಂಡಾರಗಳಲ್ಲಿ ಗ್ರಂಥಗಳೊಡನೆ ಧ್ವನಿಮುದ್ರಿಕೆಗಳನ್ನೂ ಚಲಚ್ಚಿತ್ರಗಳನ್ನೂ ಸಂಗ್ರಹಿಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿಯ ಗ್ರಂಥಭಂಡಾರ ಸಂಘವು 1905ರಲ್ಲಿ ಆರಂಭಿಸಿದ ‘ಬುಕ್‌ಲಿಸ್ಟ್’ ಪತ್ರಿಕೆಯ ವಿಮರ್ಶೆಗಳೂ ಕಾಲಕ್ರಮದಲ್ಲಿ ಇವುಗಳಿಗೆ ವಿಸ್ತರಿಸಿದುವು. ಮಕ್ಕಳಿಗಾಗಿ ಎರಡು ಭಾಷೆಗಳಲ್ಲಿ ಹಾಡಿದ ಗೀತಗಳಿಗೂ ಮಾನವ ಹಕ್ಕುಗಳನ್ನು ಕುರಿತ ಸಾಕ್ಷ್ಯಚಿತ್ರಗಳಿಗೂ ಮೇಲುನೋಟಕ್ಕೆ ನಂಟು ಕಾಣದು. ಆದರೆ ಆಯುವವನು ಕೇಳಬೇಕಾದ ಪ್ರಶ್ನೆ ಎರಡರಲ್ಲಿಯೂ ಒಂದೇ: ಇಲ್ಲಿ ಯಾರ ಮಾತು ಯಾರ ಬಾಯಿಂದ ಹೊರಡುತ್ತಿದೆ? ವಿಷಯವು ಶ್ಲಾಘ್ಯವಾಗಿದ್ದರೆ ಸಾಕು, ಕೃತಿಯನ್ನು ಕೊಳ್ಳಬಹುದು ಎಂಬ ವಾಡಿಕೆಯಲ್ಲಿ ಈ ಪ್ರಶ್ನೆ ಮರೆತುಹೋಗುತ್ತದೆ.

ಸ್ಪ್ಯಾನಿಷ್ ಪಲ್ಲವಿಯೊಂದನ್ನಿಟ್ಟು ಮಿಕ್ಕುದೆಲ್ಲವನ್ನೂ ಇಂಗ್ಲಿಷಿನಲ್ಲಿ ಹಾಡಿದ ಮುದ್ರಿಕೆಯೂ ದ್ವಿಭಾಷೆಯದೆನಿಸಿಕೊಳ್ಳುವುದುಂಟು. ಅಲ್ಲಿ ಎರಡನೆಯ ಭಾಷೆ ಬರಿಯ ಒಗ್ಗರಣೆ. ಹೊಸೆ-ಲೂಯಿಸ್ ಒರೋಸ್ಕೋ 1994ರಲ್ಲಿ ಹೊರತಂದ ‘ದೆ ಕೊಲೋರೆಸ್’ ಸಂಕಲನದ ಕ್ರಮ ಬೇರೆ. ಲ್ಯಾಟಿನ್ ಅಮೆರಿಕದ ಜನಪದ ಶಿಶುಗೀತಗಳ ಸ್ಪ್ಯಾನಿಷ್ ಮೂಲ, ಇಂಗ್ಲಿಷ್ ಪಾಠ, ಸ್ವರಲಿಪಿ ಮೂರೂ ಅದರಲ್ಲಿ ಜೊತೆಯಾಗಿವೆ. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಗುವಿಗೆ ತನ್ನ ತಾಯಿಯ ಹಾಡು ಮೂಲವಾಗಿಯೇ ನಿಂತಿರುವುದು ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ಇನ್ನು ಅನುವಾದವು ಅರ್ಥಕ್ಕೆ ಸರಿಯಾಗಿದ್ದೂ ಧಾಟಿಗೆ ಹೊಂದದಿರಬಹುದು. ಹಾಡಿಗೆ ಒದಗುವ ಅನುವಾದವೆಂದರೆ ಎಷ್ಟು ಶ್ರಮದ ಕೆಲಸವೆಂಬುದನ್ನು ‘ಶ್ರೀ’ಯವರ ‘ಇಂಗ್ಲಿಷ್ ಗೀತಗಳು’ (1926) ಓದಿದ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಎಲ್ಲಾ ಜೆಂಕಿನ್ಸ್ ತಮ್ಮ 1966ರ ಮುದ್ರಿಕೆಯಲ್ಲಿ ಬೇರೆ ದಾರಿ ಹಿಡಿದರು: ಆಕೆ ಒಂದು ಸಾಲನ್ನು ಹಾಡುತ್ತಾರೆ, ಮಕ್ಕಳು ಮಾರುಲಿಯುತ್ತಾರೆ. ಅರ್ಥ ತಿಳಿಯುವ ಮುನ್ನವೇ ಅನ್ಯಭಾಷೆಯ ನುಡಿ ನಾಲಗೆಗೆ ಬಂದಿರುತ್ತದೆ.

ಸಾಕ್ಷ್ಯಚಿತ್ರವೆಂಬ ಹೆಸರಿನಲ್ಲಿಯೇ ಸಾಕ್ಷಿಯಿದ್ದಾನೆ; ಆದರೆ ಎಷ್ಟು ಚಿತ್ರಗಳಲ್ಲಿ ಅವನಿಗೆ ಬಾಯುಂಟು? ನಾಜಿಗಳ ಸೆರೆಶಿಬಿರಗಳನ್ನು ಕುರಿತು ಅಲೇನ್ ರೆನೆ ನಿರ್ಮಿಸಿ 1956ರಲ್ಲಿ ತೆರೆಗೆ ಬಂದ ‘ಇರುಳು ಮತ್ತು ಮಂಜು’ 32 ನಿಮಿಷಗಳದು; ತರಗತಿಯ ಒಂದು ಅವಧಿಯಲ್ಲಿ ಮುಗಿಯುತ್ತದೆ. ಅದರಲ್ಲಿ ಬಂದಿಗಳು ಮಾತನಾಡುವುದಿಲ್ಲ. ಕೇಳುವುದು ವ್ಯಾಖ್ಯಾನಕಾರನೊಬ್ಬನ ಧ್ವನಿ. ಅದನ್ನು ಬರೆದ ಝಾನ್ ಕೇರೋಲ್ ತಾನೇ ಶಿಬಿರದಲ್ಲಿ ಬಂದಿಯಾಗಿದ್ದವನಾದುದರಿಂದ ಆ ಮಾತನ್ನು ಹೊರಗಿನವರದೆಂದು ತಳ್ಳುವಂತಿಲ್ಲ. ಆದರೂ ‘ಯೆಹೂದಿ’ ಎಂಬ ಶಬ್ದ ಆ ವ್ಯಾಖ್ಯಾನದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಕೃತಿಯ ಘನತೆಗೆ ಕುಂದಿಲ್ಲ. ಅದೊಂದನ್ನೇ ಇಟ್ಟುಕೊಂಡ ಭಂಡಾರಕ್ಕೆ ಮಾತ್ರ ಕುಂದುಂಟು.

ಅದರ ಪಕ್ಕದಲ್ಲಿರಬೇಕಾದುದು ಕ್ಲೋದ್ ಲಾಂಜ್‌ಮಾನನ ‘ಶೋಆ’ (1985). ಒಂಬತ್ತು ಗಂಟೆಗಳಿಗೂ ಮಿಕ್ಕ ಈ ಚಿತ್ರದಲ್ಲಿ ಹಳೆಯ ದಾಖಲೆಚಿತ್ರಗಳು ಒಂದೂ ಇಲ್ಲ; ಇರುವುದು ಜನರ ಮುಖ, ಸ್ಥಳ, ಮಾತು. ಪೋಲಿಷ್, ಹೀಬ್ರೂ, ಯಿಡ್ಡಿಷ್ ಭಾಷೆಗಳ ಸಾಕ್ಷಿಗಳು ನುಡಿಯುವಾಗ ದುಭಾಷಿಯ ಫ್ರೆಂಚ್ ಮಾತನ್ನೂ ಲಾಂಜ್‌ಮಾನ್ ಅಳಿಸದೆ ಉಳಿಸಿದ್ದಾನೆ. ನೋಡುವವನು ಮೊದಲು ತಿಳಿಯದ ಧ್ವನಿಯನ್ನು ಕೇಳುತ್ತಾನೆ, ಮುಖವನ್ನು ಕಾಣುತ್ತಾನೆ, ಅರ್ಥಕ್ಕಾಗಿ ಕಾಯುತ್ತಾನೆ. ಈ ಕಾಯುವಿಕೆಯನ್ನು ದೋಷವೆಂದು ಬಗೆದು ಸಾಕ್ಷಿಯ ದನಿಯ ಮೇಲೆ ಇಂಗ್ಲಿಷ್ ದನಿಯನ್ನು ಹೊದಿಸಿದ ಚಿತ್ರಗಳನ್ನು ‘ಮಕ್ಕಳಿಗೆ ಸುಲಭ’ವೆಂದು ಕೊಳ್ಳುವುದುಂಟು. ಅಪರಿಚಿತ ಭಾಷೆಯ ಹಾಡಿಗೆ ಮಾರುಲಿಯಬಲ್ಲ ಮಗು, ಬೆಳೆದ ಮೇಲೆ ಅಪರಿಚಿತ ಭಾಷೆಯ ಅಳುವನ್ನು ಅರೆನಿಮಿಷ ಕೇಳಲಾರದೆಂದು ನಿರ್ಧರಿಸಿದವರು ಯಾರು? ಒಂಬತ್ತು ಗಂಟೆಗಳ ಚಿತ್ರವನ್ನು ತರಗತಿಯಲ್ಲಿ ತೋರಿಸಲಾಗದೆಂಬುದು ನಿಜ. ಒಬ್ಬ ಸಾಕ್ಷಿಯ ಮಾತನ್ನು ದುಭಾಷಿಯೊಡನೆ, ಕತ್ತರಿಸದೆ, ಉಪಶೀರ್ಷಿಕೆಗಳ ಸಹಾಯದಿಂದ ತೋರಿಸುವುದಕ್ಕೆ ಒಂದು ಅವಧಿ ಸಾಕು.