ಹುಟ್ಟುಗುಣ ಮತ್ತು ಒಡಹುಟ್ಟು: ‘ಗೋವಿನ ಹಾಡಿ’ನ ಸಮಾಜ

ಪ್ರಾಣಿಗಳ ಸಮಾಜವೊಂದನ್ನು ಕಲ್ಪಿಸಿ ಅದರ ಮೂಲಕ ಮನುಷ್ಯರ ಕಟ್ಟುಪಾಡುಗಳನ್ನು ಪರೀಕ್ಷಿಸುವುದು ಕಥನಪರಂಪರೆಯ ಹಳೆಯ ಕ್ರಮ. ಇತ್ತೀಚಿನ ಇಂಗ್ಲಿಷ್ ಜನಪ್ರಿಯ ಕಥನಗಳಲ್ಲಿ ಇದು ಹೊಸ ರೂಪ ತಾಳಿದೆ. ಅಲ್ಲಿ ಜನರು ಹುಟ್ಟಿನಿಂದಲೇ ಆಲ್ಫಾ, ಬೀಟಾ, ಒಮೆಗಾ ಎಂದು ವಿಂಗಡಗೊಂಡಿರುತ್ತಾರೆ. ಆಳುವುದು, ಮಣಿಯುವುದು, ಹೆರುವುದು ಎಲ್ಲವೂ ದೇಹದ ಸಹಜಪ್ರವೃತ್ತಿಯೇ ವಿಧಿಸಿದ ನಡಾವಳಿಗಳು. ಈ ಶ್ರೇಣಿಯ ಬೇರು ತೋಳಗಳ ಅಧ್ಯಯನದಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಅದನ್ನು ವಿವರಿಸಿದರು. 1970ರ ತಮ್ಮ ಗ್ರಂಥದಿಂದ ಅದನ್ನು ಪ್ರಚುರಪಡಿಸಿದ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳಗಳ ಹಿಂಡೆಂದರೆ ತಂದೆ ತಾಯಿ ಮಕ್ಕಳ ಸಂಸಾರವೆಂದು ತಿದ್ದಿದರು. ವಿಜ್ಞಾನ ಬಿಟ್ಟುಕೊಟ್ಟದ್ದನ್ನು ಕಥನ ಹಿಡಿದುಕೊಂಡಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯುಳ್ಳ ನಮಗೆ ಇದು ಅಪರಿಚಿತವೇನಲ್ಲ. ಜಾತಿಯ ಸಮರ್ಥನೆಯೂ ಇದೇ ತರ್ಕದಲ್ಲಿ ನಡೆದಿದೆ. ಈ ಹಿನ್ನೆಲೆಯಲ್ಲಿ ‘ಗೋವಿನ ಹಾಡ’ನ್ನು ಮತ್ತೊಮ್ಮೆ ಓದಬೇಕೆನಿಸುತ್ತದೆ.

ಈ ಹಾಡನ್ನು ಸತ್ಯವಾಕ್ಯದ ನೀತಿಕಥೆಯೆಂದೇ ಬಹುಮಟ್ಟಿಗೆ ಗ್ರಹಿಸಲಾಗಿದೆ. ಹಸಿವೆಂಬ ಸಹಜಪ್ರವೃತ್ತಿ ಹುಲಿಯ ಪಾಲಿಗೆ, ಧರ್ಮ ಹಸುವಿನ ಪಾಲಿಗೆ ಎಂಬ ಹಂಚಿಕೆ ಈ ಗ್ರಹಿಕೆಯ ಹಿಂದಿದೆ. ಪಠ್ಯ ಇಷ್ಟು ಸರಳವಾಗಿಲ್ಲ. ಹುಲಿಗೆ ಮಾತುಕೊಟ್ಟು ದೊಡ್ಡಿಗೆ ಮರಳಿದ ಪುಣ್ಯಕೋಟಿಯನ್ನು ಕರು ಕೇಳುವುದು ಮೂರು ಸಂಗತಿ: ಇನ್ನು ಯಾರ ಹಾಲು, ಯಾರ ಮಗ್ಗುಲು, ಯಾರ ಸಹವಾಸ? ಆಗ ತಾಯಿ ಉಳಿದ ಹಸುಗಳನ್ನು ಅಕ್ಕಂದಿರೇ, ಒಡಹುಟ್ಟುಗಳೇ ಎಂದು ಸಂಬೋಧಿಸಿ, ಮುಂದೆ ಬಂದ ಕರುವನ್ನು ಹಾಯದಿರಲು, ಹಿಂದೆ ಬಂದರೆ ಒದೆಯದಿರಲು ಬೇಡಿಕೊಳ್ಳುತ್ತಾಳೆ.

ಈ ಬೇಡಿಕೆಯನ್ನು ಕೇವಲ ಕರುಣರಸದ ಪ್ರಸಂಗವೆಂದು ದಾಟಿಬಿಡುವಂತಿಲ್ಲ. ಸಿಂಗಟಗೆರೆಯ ಸುತ್ತಣ ಕಡೂರು ಸೀಮೆ ಅಮೃತಮಹಲ್ ಕಾವಲುಗಳ ನೆಲ. 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾದ ಬಾಸೂರು ಕಾವಲು ಇದೇ ತಾಲ್ಲೂಕಿನದು. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಇಲ್ಲಿಯ ಯಾವ ದನಗಾಹಿಯನ್ನು ಕೇಳಿದರೂ ಹೇಳಿಯಾನು: ಹಸು ತನ್ನ ಕರುವನ್ನು ಮೂಸಿ ಗುರುತಿಸುತ್ತದೆ, ಬೇರೆ ಕರು ಕೆಚ್ಚಲಿಗೆ ಬಾಯಿಹಾಕಿದರೆ ಒದೆಯುತ್ತದೆ. ಅಂದರೆ ಹಸುವಿಗೂ ಹುಟ್ಟುಗುಣವಿದೆ. ತಬ್ಬಲಿಯ ಪಾಲಿಗೆ ಅದು ಹುಲಿಯ ಹಸಿವಿನಷ್ಟೇ ಕ್ರೂರ. ಹಾಡುಗಾರರು ದನ ಕಾಯ್ದವರಾದ್ದರಿಂದ ಇದನ್ನು ಮರೆಮಾಚಲಿಲ್ಲ. ಅವರು ಕಂಡ ಪರಿಹಾರ ನಂಟಿನ ಸಂಬೋಧನೆ. ‘ಅಕ್ಕ’ ಎಂದು ಕರೆಸಿಕೊಂಡವಳು ಒದೆಯಲಾರಳು.

ಕಥನದ ಕೊನೆಯಲ್ಲಿ ಇದೇ ಸಾಧನವನ್ನು ಹುಲಿಯೂ ಬಳಸುತ್ತದೆ. ಮಾತಿನಂತೆ ಮರಳಿ ಬಂದ ಪುಣ್ಯಕೋಟಿಯನ್ನು ಅದು ಒಡಹುಟ್ಟಿದ ಅಕ್ಕನೆಂದು ಕರೆದು, ಕೊಲ್ಲಲಾರದೆ, ಆಕಾಶಕ್ಕೆ ನೆಗೆದು ಪ್ರಾಣಬಿಡುತ್ತದೆ. ಪದ್ಮಪುರಾಣದ ಕಥೆಯೊಡನೆ ಹೋಲಿಸಿದರೆ ಇದರ ಮಹತ್ವ ತಿಳಿದೀತು. ಅಲ್ಲಿ ನಂದೆಯೆಂಬ ಗೋವಿಗೆ ಎದುರಾಗುವ ಹುಲಿ ಶಾಪಗ್ರಸ್ತನಾದ ಪ್ರಭಂಜನನೆಂಬ ರಾಜ; ಶಾಪ ಕಳೆದು ಅವನು ನಿಜರೂಪ ಪಡೆಯುತ್ತಾನೆ. ಕ್ರೌರ್ಯ ಮೇಲೆ ಹೊದಿಸಿದ ವೇಷ, ಒಳಗಿರುವುದು ರಾಜಗುಣ. ಹುಟ್ಟಿನ ಶ್ರೇಣಿಗೆ ಅಲ್ಲಿ ಧಕ್ಕೆಯಿಲ್ಲ. ಕನ್ನಡದ ಅರ್ಬುತ ಹುಟ್ಟಾ ಹುಲಿ. ಅವನ ಬದಲಾವಣೆಗೆ ಪೂರ್ವಜನ್ಮದ ಆಸರೆಯಿಲ್ಲ. ಗಾದೆಯನ್ನು ಹಾಡು ನೇರವಾಗಿ ಎದುರಿಸುವುದು ಇಲ್ಲಿ. ನನ್ನ ದೃಷ್ಟಿಯಲ್ಲಿ ಹಾಡಿನ ನಿಜವಾದ ನಾಯಕ ಅವನೇ. ಪುಣ್ಯಕೋಟಿ ತನ್ನ ಕುಲದ ನಡಾವಳಿಯನ್ನು ಉಳಿಸಿಕೊಂಡಳು. ಅರ್ಬುತ ತನ್ನ ಕುಲದ್ದನ್ನು ಮುರಿದ.

ಆದರೆ ಮುರಿದವನಿಗೆ ಬದುಕುವ ತಾವನ್ನು ಹಾಡು ಕಲ್ಪಿಸಲಿಲ್ಲ. ತಬ್ಬಲಿ ಕರುವಿಗೆ ದೊರೆತ ಆಸರೆ, ಅಕ್ಕನೆಂದು ಬಾಯಿತುಂಬ ಕರೆದ ಹುಲಿಗೆ ದೊರೆಯಲಿಲ್ಲ. ಅದು ಏನನ್ನು ತಿಂದು ಬದುಕಬೇಕೆಂಬ ಪ್ರಶ್ನೆಯನ್ನು ಸಾವಿನಿಂದ ಮುಚ್ಚಲಾಗಿದೆ. ಶಾಲಾಪಠ್ಯಗಳಲ್ಲಿ ಸಾಮಾನ್ಯವಾಗಿ ಹಾಡು ಇಲ್ಲಿಗೇ ನಿಲ್ಲುತ್ತದೆ. ದೀರ್ಘ ಪಾಠ ಮುಂದುವರಿದು, ಪ್ರತಿ ಸಂಕ್ರಾಂತಿಯಂದು ಕೃಷ್ಣನ ಭಜನೆ ನಡೆಸುವ ಕಟ್ಟಳೆಯನ್ನು ಪುಣ್ಯಕೋಟಿಯ ಬಾಯಿಂದ ಹೇಳಿಸುತ್ತದೆ. ಆ ಕಟ್ಟಳೆಯಲ್ಲಿ ಎರಡು ವಂಶಗಳ ಉಲ್ಲೇಖವಿದೆ: ಗೋವುಗಳದು, ಗೊಲ್ಲರದು. ಹುಲಿಯ ವಂಶದ ಹೆಸರಿಲ್ಲ.